ಹೆಣ್ಣು ಫೆರೆಟ್ (ಮುಂಗುಸಿ ಹಾಗೆ ಉದ್ದ ಮೈಯ ಸಾಕುಪ್ರಾಣಿ) ಬೆದೆಗೆ ಬಂದರೆ ಸುಮ್ನೆ ಬಿಡಬಹುದಾ?

ಬಿಡಬೇಡಿ, ಪ್ರಾಣಕ್ಕೇ ಕುತ್ತು. ನಾಯಿಯ ಬೆದೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಫೆರೆಟ್‌ಗೆ ಹಾಗಲ್ಲ. ಗಂಡಿನ ಜೊತೆ ಕೂಡಿದ ಮೇಲೇ ಅದರ ಅಂಡ ಹೊರಬರುವುದು. ಕೂಡದಿದ್ದರೆ ವಸಂತದಲ್ಲಿ ಶುರುವಾದ ಬೆದೆ ಹಗಲು ಕಿರಿದಾಗುವವರೆಗೂ, ಅಂದರೆ ತಿಂಗಳುಗಟ್ಟಲೆ, ಎಳೆಯುತ್ತದೆ. ಅಷ್ಟೂ ದಿನ ಈಸ್ಟ್ರೋಜನ್ ಹಾರ್ಮೋನ್ ಜಾಸ್ತಿ ಇದ್ದರೆ ಮೂಳೆಯೊಳಗಿನ ಮಜ್ಜೆ ರಕ್ತಕಣ ತಯಾರಿಸುವುದನ್ನೇ ನಿಲ್ಲಿಸಿಬಿಡಬಹುದು.

ಬಾಲದ ಕೆಳಗೆ ಯೋನಿ ಊದಿಕೊಂಡರೆ ಬೆದೆ ಬಂದಿದೆ ಅಂತಲೇ ಲೆಕ್ಕ. ಕೂಡಲೇ ಪಶುವೈದ್ಯರಿಗೆ ತೋರಿಸಿ. ಆಪರೇಷನ್ ಮಾಡಿಸಿ ಅಂಡಾಶಯ ತೆಗೆಸಬಹುದು. ಆದರೆ ಮುಂದೆ ಮೂತ್ರಪಿಂಡದ ಪಕ್ಕದ ಅಡ್ರಿನಲ್ ಗ್ರಂಥಿಯ ಕಾಯಿಲೆ ಬರುವ ಸಾಧ್ಯತೆ ಹೆಚ್ಚುತ್ತದೆ. ಅದಕ್ಕೇ ಬ್ರಿಟನ್, ಯೂರೋಪಿನಲ್ಲಿ ಚರ್ಮದಡಿ ಡೆಸ್ಲೊರೆಲಿನ್ ಇಂಪ್ಲಾಂಟ್ (ಬೆದೆ ತಡೆಯುವ ಔಷಧಿಯನ್ನು ನಿಧಾನವಾಗಿ ಬಿಡುವ ಚಿಕ್ಕ ಕಡ್ಡಿ) ಇಡಿಸುವವರು ಬಹಳ. ನನ್ನ ಓಟೂ ಅದಕ್ಕೇ. ಪರಿಣಾಮ ಮುಗಿದಾಗ ಮತ್ತೆ ಹಾಕಿಸಬೇಕು, ಅದೊಂದು ಮರೆಯಬೇಡಿ.