ಕಾರ್ಪಸ್ ಕ್ರಿಸ್ಟಿಯ ದುಬಾರಿ ಬಡಾವಣೆಗಳಲ್ಲಿ ಯಾವುದು ದುಡ್ಡಿಗೆ ತಕ್ಕ ಜಾಗ?

ನೀವು ಕೇಳಿರುವುದು ಇಷ್ಟು: ಕೆಲಸದ ಮೇಲೆ ಟೆಕ್ಸಸ್‌ನ ಕಾರ್ಪಸ್ ಕ್ರಿಸ್ಟಿಗೆ ಬರುತ್ತಿದ್ದೀರಿ, ಶಾಲೆಗೆ ಹೋಗುವ ಮಕ್ಕಳು ಇಬ್ಬರು, 8–9 ಲಕ್ಷ ಡಾಲರ್‌ವರೆಗೆ ಹಾಕಬಲ್ಲಿರಿ. ಓಶನ್ ಡ್ರೈವ್, ಪಾಡ್ರೆ ಐಲ್ಯಾಂಡ್, ಸೌತ್‌ಸೈಡ್, ಎಲ್ಲರೂ ಹೇಳುವ ಈ ಮೂರರಲ್ಲಿ ಯಾವುದು ಅಂತ.

ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. 2015ರಲ್ಲಿ ನಾನೂ ಇದೇ ಮೂರು ಹೆಸರು ಚೀಟಿಯಲ್ಲಿ ಬರೆದುಕೊಂಡು ಈ ಊರು ಸುತ್ತಿದ್ದೆ. ಆರು ವರ್ಷ ಪಾಡ್ರೆ ಐಲ್ಯಾಂಡ್‌ನಲ್ಲಿ ಇದ್ದೆ, ಈಗ ಊರೊಳಗೆ ಲಮಾರ್ ಪಾರ್ಕ್ ಕಡೆ ಇದ್ದೇನೆ. ಮೂಲತಃ ಹೊನ್ನಾವರದವನು, ಆದ್ದರಿಂದ ಉಪ್ಪುಗಾಳಿ ನನಗೇನು ಹೊಸದಲ್ಲ ಅಂದುಕೊಂಡಿದ್ದೆ. ಆ ಜಂಬ ಹೇಗೆ ಇಳಿಯಿತು ಅನ್ನುವುದೂ ಈ ಉತ್ತರದಲ್ಲೇ ಬರುತ್ತದೆ.

ಮೊದಲು ಊರಿನ ಅಳತೆ ಗೊತ್ತಿರಲಿ. 2020ರ ಜನಗಣತಿಯಲ್ಲಿ ಇಲ್ಲಿ ಸುಮಾರು 3 ಲಕ್ಷ 18 ಸಾವಿರ ಜನ. ಆಸ್ಟಿನ್, ಡಲ್ಲಾಸ್ ರೇಟು ತಲೆಯಲ್ಲಿ ಇಟ್ಟುಕೊಂಡು ಬಂದರೆ ಇಲ್ಲಿ ಎಲ್ಲವೂ ಅಗ್ಗ ಅನ್ನಿಸುತ್ತದೆ. 3 ಲಕ್ಷ ಡಾಲರ್‌ಗೆ ಒಂದು ಕುಟುಂಬ ಆರಾಮಾಗಿ ಇರುವಂಥ ಮನೆ ಸಿಗುತ್ತದೆ. ಹಾಗಿದ್ದರೆ ದುಬಾರಿ ಮನೆಗೆ ಜನ ಯಾತಕ್ಕೆ ಅಷ್ಟು ಕೊಡುತ್ತಾರೆ? ನೀರಿಗೆ. ಕಿಟಕಿಯಿಂದ ಕೊಲ್ಲಿ ಕಾಣಬೇಕು, ಇಲ್ಲವೇ ಹಿತ್ತಲಲ್ಲಿ ದೋಣಿ ಕಟ್ಟಬೇಕು. ಇವೆರಡೂ ಬೇಡ ಅನ್ನುವವರು ಸೌತ್‌ಸೈಡ್‌ಗೆ ಹೋಗುತ್ತಾರೆ.

ಓಶನ್ ಡ್ರೈವ್ ಅಂದರೆ ಬಡಾವಣೆ ಅಲ್ಲ, ಒಂದು ಉದ್ದನೆಯ ರಸ್ತೆ. ಡೌನ್‌ಟೌನ್ ಕಡೆಯಿಂದ ಹೊರಟು ಕೊಲ್ಲಿಯ ಅಂಚಲ್ಲೇ ಸಾಗಿ ವಾರ್ಡ್ ಐಲ್ಯಾಂಡ್‌ನಲ್ಲಿರುವ ಯೂನಿವರ್ಸಿಟಿ ದಾಟಿ ನೌಕಾಪಡೆಯ ವಾಯುನೆಲೆಯವರೆಗೆ ಹೋಗುತ್ತದೆ. ಹೆಸರಲ್ಲಿ ಓಶನ್ ಇದೆ, ಎದುರಿಗಿರುವುದು ಕೊಲ್ಲಿ. ನಡುನಡುವೆ ಕೋಲ್ ಪಾರ್ಕ್, ರೋಪ್ಸ್ ಪಾರ್ಕ್, ಸ್ವಾಂಟ್ನರ್ ಪಾರ್ಕ್ ಅಂತ ಸಾರ್ವಜನಿಕ ಪಾರ್ಕುಗಳು ಸಿಗುತ್ತವೆ. ಇಲ್ಲಿ ಒಂದು ಸೂಕ್ಷ್ಮ ಇದೆ. ರಸ್ತೆಯ ನೀರಿನ ಕಡೆ ಇರುವ ಮನೆ ಬೇರೆ, ರಸ್ತೆಯ ಆಚೆ ಇರುವ ಮನೆ ಬೇರೆ. ವಿಳಾಸ ಎರಡಕ್ಕೂ ಓಶನ್ ಡ್ರೈವ್ ಅಂತಲೇ ಇರುತ್ತದೆ. ನೀರಿನ ಕಡೆಯದು 10 ಲಕ್ಷ ಡಾಲರ್ ದಾಟಿ ಎಲ್ಲಿಗೆ ಬೇಕಾದರೂ ಹೋಗಬಹುದು, ಅದರಲ್ಲೂ ಹಳೇ ಮನೆಯಾಗಿದ್ದರೆ ನೀವು ಕೊಡುವುದು ಮನೆಗಲ್ಲ, ನೆಲಕ್ಕೆ. ಎಷ್ಟೋ ಜನ ಕೊಂಡು ಕೆಡವಿ ಹೊಸದು ಕಟ್ಟುತ್ತಾರೆ. ನಿಮ್ಮ ಬಜೆಟ್ಟಿಗೆ ರಸ್ತೆಯ ಆಚೆ ಬದಿ ಅಥವಾ ಒಂದು ಓಣಿ ಹಿಂದೆ ನೋಡಬೇಕಾಗುತ್ತದೆ.

ಈ ಕಡೆಗೆ ಇನ್ನೊಂದು ಲಾಭ ಇದೆ, ಯಾವ ಜಾಹೀರಾತಿನಲ್ಲೂ ಬರೆಯುವುದಿಲ್ಲ. ಇಲ್ಲಿ ವರ್ಷದ ಹೆಚ್ಚಿನ ದಿನ ಗಾಳಿ ಆಗ್ನೇಯದಿಂದ ಬೀಸುತ್ತದೆ. ರಿಫೈನರಿಗಳು ಇರುವುದು ಊರಿನ ವಾಯವ್ಯಕ್ಕೆ, ಹಡಗು ಕಾಲುವೆಯ ಪಕ್ಕ. ಅಂದರೆ ಆ ಹೊಗೆ, ವಾಸನೆ ಎಲ್ಲ ದುಡ್ಡಿದ್ದವರ ಮನೆಯಿಂದ ದೂರಕ್ಕೇ ಹೋಗುತ್ತದೆ. ನಾನೇ ಅಲ್ಲಿ ಕೆಲಸ ಮಾಡುವವನು, ಹೇಳುವ ಹಕ್ಕು ಇದೆ ಅಂದುಕೊಳ್ಳುತ್ತೇನೆ. ರಿಫೈನರಿ ಪಕ್ಕದ ಹಿಲ್‌ಕ್ರೆಸ್ಟ್ ಕಪ್ಪು ಜನರ ಹಳೆಯ ಕೇರಿ. 2025ರಲ್ಲಿ ತೆರೆದ ಹೊಸ ಹಾರ್ಬರ್ ಬ್ರಿಜ್ ಕಾಮಗಾರಿಯ ಹೊತ್ತಿಗೆ ಅಲ್ಲಿನ ಎಷ್ಟೋ ಮನೆಗಳನ್ನು ಕೊಂಡು ಖಾಲಿ ಮಾಡಿಸಿದರು. ಅದೇ ಊರು, ಅದೇ ಗಾಳಿ. ಯಾರ ಮೂಗಿಗೆ ಏನು ಬರುತ್ತದೆ ಅನ್ನುವುದು ಬೇರೆ ಅಷ್ಟೇ.

ಓಶನ್ ಡ್ರೈವ್‌ನಲ್ಲಿ ತೊಂದರೆ ಇಲ್ಲವೇ ಅಂದರೆ, ಇದೆ. ನೀರಿನ ಕಡೆಯ ಮನೆಗೆ ದಂಡೆ ಕೊರೆಯದಂತೆ ಕಲ್ಲು, ತಡೆಗೋಡೆ ನೋಡಿಕೊಳ್ಳುವುದು ಮಾಲೀಕನ ತಲೆನೋವು. ರಸ್ತೆ ಬಿಡುವಿಲ್ಲದ ರಸ್ತೆ. ಮೇ ತಿಂಗಳಲ್ಲಿ ಬೀಚ್ ಟು ಬೇ ಅಂತ ಆರಾರು ಜನರ ತಂಡಗಳ ರಿಲೇ ಓಟ ಐಲ್ಯಾಂಡ್‌ನಿಂದ ಶುರುವಾಗಿ ಈ ರಸ್ತೆ ಹಿಡಿದೇ ಬರುತ್ತದೆ, ಆ ಬೆಳಿಗ್ಗೆ ಕಾರು ಹೊರಗೆ ತೆಗೆಯುವ ಆಸೆ ಬಿಡಿ.

ಇನ್ನು ಪಾಡ್ರೆ ಐಲ್ಯಾಂಡ್. ಇದರ ಬಗ್ಗೆ ಜಾಸ್ತಿ ಬರೆಯುತ್ತೇನೆ, ಪೆಟ್ಟು ತಿಂದಿದ್ದು ಇಲ್ಲೇ.

ಮೊದಲ ಸಲ ನೋಡಿದಾಗ ಮರುಳಾಗದವರು ಯಾರೂ ಇಲ್ಲ. ಲಗೂನಾ ಮಾದ್ರೆ ಅನ್ನುವ ಹಿನ್ನೀರಿನ ಮೇಲೆ ಜೆಎಫ್‌ಕೆ ಕಾಸ್‌ವೇ ಅನ್ನುವ ಸೇತುವೆ ರಸ್ತೆ ದಾಟುತ್ತೀರಿ, ಎರಡೂ ಕಡೆ ನೀರು, ಅದರಾಚೆ ಕಾಲುವೆಗಳನ್ನು ತೋಡಿ ಮಾಡಿದ ಬಡಾವಣೆ, ಮನೆ ಮನೆಯ ಹಿಂದೆ ಪುಟ್ಟ ಧಕ್ಕೆ, ಧಕ್ಕೆಯಲ್ಲಿ ದೋಣಿ. ಪ್ಯಾಕರಿ ಚಾನಲ್ ಅಂತ ಒಂದು ಅಳಿವೆ ಇದೆ, ಹೂಳು ತುಂಬಿ ಮುಚ್ಚಿಹೋಗಿದ್ದನ್ನು ಮತ್ತೆ ತೋಡುತ್ತಿರುವಾಗಲೇ 2005ರ ಎಮಿಲಿ ಚಂಡಮಾರುತ ಬಂದು ಉಳಿದ ಮರಳನ್ನು ತಾನೇ ಕೊಚ್ಚಿ ದಾರಿ ಮಾಡಿತು. ಶರಾವತಿ ಅಳಿವೆ ನೋಡಿ ಬೆಳೆದ ನನಗೆ ಈ ಕಥೆ ಕೇಳಿಯೇ ಜಾಗ ಇಷ್ಟ ಆಗಿಬಿಟ್ಟಿತು. ಮನೆ ಕೊಳ್ಳಲು ಇದು ಕಾರಣವೇ ಅಲ್ಲ ಅಂತ ಹೆಂಡತಿ ಆಗಲೇ ಹೇಳಿದ್ದಳು.

ಕಾಲುವೆಯ ಮೇಲಿನ ಮನೆಗಳು ಸುಮಾರು 6–7 ಲಕ್ಷ ಡಾಲರ್‌ನಿಂದ ಶುರುವಾಗಿ, ಹೊಸದು, ಅಗಲ ಕಾಲುವೆ, ಎರಡು ಮಹಡಿ ಅಂತೆಲ್ಲ ಆದರೆ 10 ಲಕ್ಷದ ಆಚೆ ಹೋಗುತ್ತವೆ. ಕಾಲುವೆ ಇಲ್ಲದ ಓಣಿಯ ಮನೆ ಅದರ ಅರ್ಧಕ್ಕೂ ಸಿಗಬಹುದು, ಹಾಗಾಗಿ ಐಲ್ಯಾಂಡ್ ಪೂರ್ತಿ ದುಬಾರಿ ಅನ್ನುವುದು ಸುಳ್ಳು. ಒಂದು ಮಾತು: ಸಮುದ್ರದ ಬೀಚ್‌ನಲ್ಲಿ ಯಾರೂ ಯಾರನ್ನೂ ತಡೆಯುವಂತಿಲ್ಲ. 1959ರ ಓಪನ್ ಬೀಚಸ್ ಕಾಯ್ದೆ ಪ್ರಕಾರ ನೀರಿನಿಂದ ಹುಲ್ಲು ಗಿಡ ಶುರುವಾಗುವ ಗೆರೆಯವರೆಗೆ ಎಲ್ಲರೂ ಓಡಾಡಬಹುದು. ಖಾಸಗಿ ಬೀಚ್ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಸರಿ, ಕೊಂಡೆವು. ಕ್ಲೋಸಿಂಗ್‌ಗೆ, ಅಂದರೆ ಮನೆ ನಮ್ಮ ಹೆಸರಿಗೆ ಆಗುವ ದಿನಕ್ಕೆ, ಒಂದು ವಾರ ಇರುವಾಗ ಗೊತ್ತಾಗಿದ್ದು, ಹಿಂದಿನ ಮಾಲೀಕರು ರೂಫ್ ಬದಲಾಯಿಸಿದಾಗ ಆ ಕೆಲಸ ಮಾಡಿದವನು ಡಬ್ಲ್ಯೂಪಿಐ-8 ಅನ್ನುವ ಪ್ರಮಾಣಪತ್ರ ಮಾಡಿಸಿಯೇ ಇಲ್ಲ. ಇದೇನು ಅಂತ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಮನೆ ಕೊಳ್ಳುವ ವ್ಯವಹಾರದ ಅರ್ಧ ಪಾಠ ಇದೇ. ಕರಾವಳಿಯ ಕೌಂಟಿಗಳಲ್ಲಿ ಮಾಮೂಲಿ ಮನೆ ವಿಮೆಯವರು ಸಾಮಾನ್ಯವಾಗಿ ಗಾಳಿಯಿಂದ ಆಗುವ ಹಾನಿಯನ್ನು ಬಿಟ್ಟುಬಿಡುತ್ತಾರೆ. 1970ರಲ್ಲಿ ಸೀಲಿಯಾ ಚಂಡಮಾರುತ ಈ ಊರನ್ನು ಚಿಂದಿ ಮಾಡಿದ ಮೇಲೆ 1971ರಲ್ಲಿ ರಾಜ್ಯ ಒಂದು ವ್ಯವಸ್ಥೆ ಮಾಡಿತು, ಈಗ ಅದಕ್ಕೆ ಟೆಕ್ಸಸ್ ವಿಂಡ್‌ಸ್ಟಾರ್ಮ್ ಇನ್ಶೂರೆನ್ಸ್ ಅಸೋಸಿಯೇಷನ್ ಅಂತ ಹೆಸರು, ಜನರ ಬಾಯಲ್ಲಿ ಟ್ವೀಯಾ. ಮನೆ ಗಾಳಿ ತಡೆಯುವ ನಿಯಮದಂತೆ ಕಟ್ಟಿದೆ ಅಂತ ಆ ಪ್ರಮಾಣಪತ್ರ ಇದ್ದರೆ ಟ್ವೀಯಾ ವಿಮೆ, ಇಲ್ಲದಿದ್ದರೆ ಪರದಾಟ. ನಾವು ಇಂಜಿನಿಯರ್ ಕರೆಸಿ, ರೂಫ್‌ನ ಒಂದು ಭಾಗ ಬಿಚ್ಚಿಸಿ, ಮಾರುವವರ ಜೊತೆ ಜಗಳ ಆಡಿ, ಒಂದು ತಿಂಗಳು ತಡವಾಗಿ ಮನೆಗೆ ಹೋದೆವು.

ಅಷ್ಟಕ್ಕೂ ಮುಗಿಯಲಿಲ್ಲ. ಗಾಳಿ ವಿಮೆಯಲ್ಲಿ ನೀರು ಸೇರಿಲ್ಲ. ಕಡಲು ಉಕ್ಕಿ ಮನೆಗೆ ಬಂದರೆ ಅದಕ್ಕೆ ನೆರೆ ವಿಮೆ ಬೇರೆ ಬೇಕು, ಅದು ಕೇಂದ್ರ ಸರ್ಕಾರದ ಯೋಜನೆ, ಕಟ್ಟಡಕ್ಕೆ ಹೆಚ್ಚೆಂದರೆ 2 ಲಕ್ಷ 50 ಸಾವಿರ, ಒಳಗಿನ ಸಾಮಾನಿಗೆ 1 ಲಕ್ಷ ಡಾಲರ್. 8 ಲಕ್ಷದ ಮನೆಗೆ ಅದು ಯಾವ ಮೂಲೆಗೆ? ಮೇಲಿನದ್ದಕ್ಕೆ ಖಾಸಗಿ ವಿಮೆ ಹುಡುಕಬೇಕು. ಸರ್ಕಾರದ ನೆರೆ ವಿಮೆ ಸಾಮಾನ್ಯವಾಗಿ 30 ದಿನ ಕಾದ ಮೇಲೆ ಜಾರಿಗೆ ಬರುತ್ತದೆ, ಟಿವಿಯಲ್ಲಿ ಚಂಡಮಾರುತ ನೋಡಿ ಓಡಿದರೆ ಆಗಲಿಲ್ಲ. ಗಾಳಿ ವಿಮೆಯಲ್ಲಿ ನಿಮ್ಮ ಕೈಯಿಂದ ಹೋಗುವ ಭಾಗ ಶೇಕಡಾ ಲೆಕ್ಕದಲ್ಲಿರುತ್ತದೆ. 8 ಲಕ್ಷಕ್ಕೆ ಶೇಕಡಾ 2 ಅಂದರೆ 16 ಸಾವಿರ ಡಾಲರ್ ಮೊದಲು ನೀವು ಹಾಕಬೇಕು, ಆಮೇಲೆ ಅವರು. ಮನೆ, ಗಾಳಿ, ನೆರೆ ಅಂತ ಮೂರು ವಿಮೆ ಸೇರಿ ಐಲ್ಯಾಂಡ್‌ನಲ್ಲಿ ನಾನು ಕಟ್ಟುತ್ತಿದ್ದದ್ದು ಈಗಿನ ಮನೆಗೆ ಕಟ್ಟುವುದರ ಹತ್ತಿರ ಹತ್ತಿರ ಎರಡು ಪಟ್ಟು.

2017ರ ಆಗಸ್ಟ್‌ನಲ್ಲಿ ಹಾರ್ವಿ ಬಂತು. ನಾಲ್ಕನೇ ದರ್ಜೆಯ ಚಂಡಮಾರುತ. ನಾವು ಪಾಸ್‌ಪೋರ್ಟು, ಕುಕ್ಕರು, ಮಕ್ಕಳನ್ನು ಕಾರಿಗೆ ತುಂಬಿಕೊಂಡು ಸ್ಯಾನ್ ಆಂಟೋನಿಯೊಗೆ ಹೋದೆವು. ಅದು ದಡ ಹತ್ತಿದ್ದು ನಮ್ಮ ಈಶಾನ್ಯಕ್ಕೆ, ರಾಕ್‌ಪೋರ್ಟ್ ಹತ್ತಿರ. ಚಂಡಮಾರುತದ ಎಡಬದಿ ಇಲ್ಲಿ ಸ್ವಲ್ಪ ಮೆತ್ತಗೆ, ಆದ್ದರಿಂದ ಕಾರ್ಪಸ್ ಬಚಾವಾಯಿತು. ಪಕ್ಕದ ಪೋರ್ಟ್ ಅರಾನ್ಸಸ್ ಬಚಾವಾಗಲಿಲ್ಲ. ವಾಪಸ್ ಬಂದಾಗ ನಮ್ಮ ಧಕ್ಕೆಯ ನಾಲ್ಕು ಹಲಗೆ ಇರಲಿಲ್ಲ, ಅಷ್ಟೇ. ಆದರೆ ಆ ನಾಲ್ಕು ದಿನ ನಿದ್ದೆ ಇಲ್ಲದೆ ಕಳೆದದ್ದು ಮರೆಯುವುದಿಲ್ಲ.

ನಮ್ಮನ್ನು ಐಲ್ಯಾಂಡ್‌ನಿಂದ ಹೊರಡಿಸಿದ್ದು ಚಂಡಮಾರುತ ಅಲ್ಲ, ತುಕ್ಕು. ಎಸಿಯ ಹೊರಗಿನ ಡಬ್ಬ ಐದು ವರ್ಷಕ್ಕೆ ಬಿಸ್ಕತ್ತಿನ ಹಾಗೆ ಪುಡಿಯಾಯಿತು. ಗ್ಯಾರೇಜ್ ಬಾಗಿಲಿನ ಸ್ಪ್ರಿಂಗ್, ದೀಪದ ಕಂಬ, ಗ್ರಿಲ್, ಬಾಗಿಲ ಕೀಲು, ಒಂದಾದ ಮೇಲೆ ಒಂದು. ಹೊನ್ನಾವರದಲ್ಲಿ ನಮ್ಮದು ಹಂಚಿನ ಮನೆ, ಮರದ ಕಿಟಕಿ, ಚಿರೆಕಲ್ಲಿನ ಗೋಡೆ. ಉಪ್ಪುಗಾಳಿಗೆ ತಿನ್ನಲು ಅಲ್ಲಿ ಏನೂ ಇರಲಿಲ್ಲ, ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. 2021ರ ಫೆಬ್ರವರಿಯ ಚಳಿಗಾಳಿಯಲ್ಲಿ ಪೈಪ್ ಒಡೆದದ್ದು ಕೊನೆಯ ಮೊಳೆ. ಆ ವರ್ಷವೇ ಮಾರಿದೆವು.

ಮಕ್ಕಳ ವಿಷಯ ಕೇಳಿದ್ದೀರಿ. ಐಲ್ಯಾಂಡ್ ಫ್ಲೌರ್ ಬ್ಲಫ್ ಶಾಲಾ ಜಿಲ್ಲೆಗೆ ಸೇರುತ್ತದೆ, ಅದರ ಹೈಸ್ಕೂಲ್ ಕಾಸ್‌ವೇಯ ಈಚೆ ದಡದಲ್ಲಿದೆ. ಶಾಲೆ ಬಗ್ಗೆ ನಮಗೆ ದೂರಿಲ್ಲ. ಆದರೆ ಕ್ಲಾಸು, ಆಟ, ಗೆಳೆಯರ ಮನೆ ಅಂತ ದಿನಕ್ಕೆ ಎರಡೆರಡು ಸಲ ಆ ಸೇತುವೆ ದಾಟುವುದು ಒಂದು ವರ್ಷ ಚೆಂದ ಕಾಣುತ್ತದೆ, ಆಮೇಲೆ ಇಲ್ಲ.

ಸೌತ್‌ಸೈಡ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಹೇಳಲು ಅಲ್ಲಿ ಜಾಸ್ತಿ ಏನಿಲ್ಲ. ಕಿಂಗ್ಸ್ ಕ್ರಾಸಿಂಗ್ ಸುತ್ತಮುತ್ತ, ಗಾಲ್ಫ್ ಮೈದಾನ, ಇಟ್ಟಿಗೆಯ ದೊಡ್ಡ ಮನೆಗಳು, ಈಜುಕೊಳ, ಅಂಗಡಿ ಎಲ್ಲ ಹತ್ತಿರ. 2015ರಲ್ಲಿ ಶುರುವಾದ ವೆಟರನ್ಸ್ ಮೆಮೋರಿಯಲ್ ಹೈಸ್ಕೂಲ್ ಇದೇ ಕಡೆ. ನಿಮ್ಮ ದುಡ್ಡಿಗೆ ಇಲ್ಲಿ ಅರಮನೆಯಂಥ ಮನೆ ಬರುತ್ತದೆ. ನಮ್ಮ ದೇಶದ ಡಾಕ್ಟರು, ಇಂಜಿನಿಯರುಗಳು ಜಾಸ್ತಿ ಕಾಣುವುದೂ ಇಲ್ಲೇ. ದೀಪಾವಳಿಗೆ ಚಕ್ಕುಲಿ ಹಂಚಲು ಕಾರು ತೆಗೆಯಬೇಕಿಲ್ಲ. ಆದರೆ ನೆಲ ತಟ್ಟೆಯ ಹಾಗೆ ಚಪ್ಪಟೆ, ಮರ ಕಡಿಮೆ, ಮನೆಗಳು ಒಂದರ ಹಾಗೆ ಇನ್ನೊಂದು. 2024ರ ಡಿಸೆಂಬರ್‌ನಲ್ಲಿ ಜಲಾಶಯಗಳು ಬತ್ತಿ ಮೂರನೇ ಹಂತದ ನೀರಿನ ನಿರ್ಬಂಧ ಬಂದಮೇಲೆ ಆ ದೊಡ್ಡ ದೊಡ್ಡ ಹುಲ್ಲುಹಾಸುಗಳೆಲ್ಲ ಒಣಗಿ ಗೋಣಿ ಬಣ್ಣಕ್ಕೆ ತಿರುಗಿದವು. ಹುಲ್ಲಿಗಾಗಿ ಅಲ್ಲಿ ಹೆಚ್ಚು ಕೊಡಬೇಡಿ.

ನಿಮ್ಮ ಪಟ್ಟಿಯಲ್ಲಿ ಇಲ್ಲದ ಜಾಗ ಒಂದಿದೆ, ಲಮಾರ್ ಪಾರ್ಕ್ ಮತ್ತು ಅದರ ಪಕ್ಕದ ಹಳೆಯ ಓಣಿಗಳು. ಎರಡನೇ ಮಹಾಯುದ್ಧದ ನಂತರದ ಕಾಲದ ಒಂದೇ ಅಂತಸ್ತಿನ ಉದ್ದುದ್ದ ಮನೆಗಳು, ದೊಡ್ಡ ನಿವೇಶನ, ನೆರಳು ಕೊಡುವಷ್ಟು ಬೆಳೆದ ಮರ. ಓಶನ್ ಡ್ರೈವ್‌ಗೆ ನಡೆದೇ ಹೋಗಬಹುದು. ಪೈಪು, ವೈರಿಂಗು ಹಳತು, ಅದಕ್ಕೆ ದುಡ್ಡು ಎತ್ತಿಡಬೇಕು. ಈ ಕಡೆಯ ಹೈಸ್ಕೂಲಿನ ಹೆಸರು ರೇ. ಸಂಜೆ ನಾನೂ ಹೆಂಡತಿಯೂ ರೋಪ್ಸ್ ಪಾರ್ಕ್‌ಗೆ ಹೋಗಿ ಕೂರುತ್ತೇವೆ, ಪಕ್ಕದಲ್ಲಿ 30 ಲಕ್ಷ ಡಾಲರ್ ಮನೆಯವನು ನೋಡುವ ಕೊಲ್ಲಿಯೇ ನಮಗೂ ಕಾಣುವುದು, ಅವನ ತುಕ್ಕು ನಮಗೆ ಬೇಡ.

ಪೋರ್ಟ್ ಅರಾನ್ಸಸ್‌ನ ಸಿನಮನ್ ಶೋರ್, ಪಾಲ್ಮಿಲ್ಲ ಬೀಚ್ ಹೆಸರುಗಳನ್ನೂ ಏಜೆಂಟರು ತೂರಿಸುತ್ತಾರೆ. ನೋಡಲು ಬಹಳ ಚೆಂದ, ರೇಟು ಇನ್ನೂ ಚೆಂದ. ಆದರೆ ಬಹುಪಾಲು ರಜೆಗೆ ಬಾಡಿಗೆ ಕೊಡುವ ಮನೆಗಳು. ಪಕ್ಕದ ಮನೆಯವರು ವಾರಕ್ಕೊಮ್ಮೆ ಬದಲಾಗುತ್ತಾರೆ. ಮಕ್ಕಳಿದ್ದವರಿಗೆ ಆ ಗೊಡವೆ ಬೇಡ.

ಇನ್ನೆರಡು ಲೆಕ್ಕದ ಮಾತು. ಟೆಕ್ಸಸ್‌ನಲ್ಲಿ ಮನೆ ಎಷ್ಟಕ್ಕೆ ಮಾರಾಟವಾಯಿತು ಅಂತ ಸರ್ಕಾರಕ್ಕೆ ತಿಳಿಸುವ ಕಡ್ಡಾಯ ಇಲ್ಲ. ಆದ್ದರಿಂದ ಜಿಲ್ಲೋ (Zillow) ಅನ್ನುವ ಮನೆ ಮಾರಾಟದ ವೆಬ್‌ಸೈಟಿನಲ್ಲಿ ಕಾಣುವ ಅಂದಾಜು ಬೆಲೆ ನಿಜಕ್ಕೂ ಅಂದಾಜೇ, ಅದರಲ್ಲೂ ಓಶನ್ ಡ್ರೈವ್‌ನಂಥ ಕಡೆ, ವರ್ಷಕ್ಕೆ ಕೆಲವೇ ಮನೆ ಮಾರುವಲ್ಲಿ. ಅಲ್ಲೇ ಕೆಲಸ ಮಾಡುವ ಏಜೆಂಟ್ ಹತ್ತಿರ ನಿಜವಾದ ಮಾರಾಟದ ಬೆಲೆ ತೆಗೆಸಿ. ಎರಡನೆಯದು ಆಸ್ತಿ ತೆರಿಗೆ. ರಾಜ್ಯದ ಆದಾಯ ತೆರಿಗೆ ಇಲ್ಲ ಅಂತ ಖುಷಿಪಡುತ್ತೀರಿ, ಅದನ್ನು ಇಲ್ಲಿ ವಸೂಲಿ ಮಾಡುತ್ತಾರೆ, ಎಲ್ಲ ಸೇರಿ ಬೆಲೆಯ ಶೇಕಡಾ 2ರ ಆಸುಪಾಸು. ವಾಸದ ಮನೆಗೆ ಶಾಲಾ ತೆರಿಗೆಯಲ್ಲಿ ವಿನಾಯಿತಿ ಇದೆ, 2025ರ ನವೆಂಬರ್‌ನಲ್ಲಿ ಮತ ಹಾಕಿ ಅದನ್ನು 1 ಲಕ್ಷದಿಂದ 1 ಲಕ್ಷ 40 ಸಾವಿರ ಡಾಲರ್‌ಗೆ ಏರಿಸಿದರು. ಆದರೆ ಮಾರುವವರು ತೋರಿಸುವ ತೆರಿಗೆ ರಸೀದಿ ನೋಡಿ ಮೋಸ ಹೋಗಬೇಡಿ. ಅವರಿಗೆ ತೆರಿಗೆ ಹಾಕುವ ಬೆಲೆ ವರ್ಷಕ್ಕೆ ಶೇಕಡಾ 10ಕ್ಕಿಂತ ಏರದಂತೆ ಮಿತಿ ಇರುತ್ತದೆ, ಮನೆ ಕೈ ಬದಲಾದಾಗ ಆ ಮಿತಿ ಬಿದ್ದುಹೋಗುತ್ತದೆ, ಮುಂದಿನ ವರ್ಷ ನಿಮಗೆ ಪೂರ್ತಿ ಬೆಲೆಗೆ ಬಿಲ್ಲು ಬರುತ್ತದೆ. ಮೇ 15ರ ಒಳಗೆ ತಕರಾರು ಹಾಕುವುದು ಇಲ್ಲಿ ವರ್ಷವರ್ಷದ ಪದ್ಧತಿ, ನಾವೆಲ್ಲ ಹಾಕುತ್ತೇವೆ.

ನಿಮ್ಮ ಜಾಗದಲ್ಲಿ ನಾನಿದ್ದರೆ? ಮೊದಲ ವರ್ಷ ಐಲ್ಯಾಂಡ್‌ನಲ್ಲಿ ಬಾಡಿಗೆಗೆ ಇದ್ದು ಆ ಆಸೆ ತೀರಿಸಿಕೊಳ್ಳುತ್ತಿದ್ದೆ, ಆಮೇಲೆ ಲಮಾರ್ ಪಾರ್ಕ್ ಸುತ್ತ 5–6 ಲಕ್ಷಕ್ಕೆ ಮನೆ ನೋಡಿ ಉಳಿದದ್ದನ್ನು ರಿಪೇರಿಗೆ ಇಡುತ್ತಿದ್ದೆ. ಹೊಸ ಮನೆಯೇ ಬೇಕು, ಮಕ್ಕಳ ಗೆಳೆಯರು ಅದೇ ಓಣಿಯಲ್ಲಿ ಇರಬೇಕು ಅಂದರೆ ಸೌತ್‌ಸೈಡ್, ಅದರಲ್ಲಿ ತಪ್ಪೇನಿಲ್ಲ. ಕಾಲುವೆ ಮನೆಯೇ ಬೇಕು ಅಂತ ಹಟ ಇದ್ದರೆ ಆಫರ್ ಕೊಡುವ ಮೊದಲು ಡಬ್ಲ್ಯೂಪಿಐ-8 ಕೇಳಿ, ಮೂರೂ ವಿಮೆಗೆ ಬರಹದಲ್ಲಿ ದರ ತರಿಸಿ, ಎಸಿ ಡಬ್ಬ ಬದಲಾಯಿಸಿ ಎಷ್ಟು ವರ್ಷವಾಯಿತು ಅಂತಲೂ ಕೇಳಿ.

ಮನೆ ನೋಡಲು ಆದಷ್ಟು ಏಪ್ರಿಲ್‌ನಲ್ಲಿ ಬನ್ನಿ, ಆಗ ಗಾಳಿ ಜೋರು, ಯಾವ ಮನೆ ಎಷ್ಟು ಕಿರುಗುಡುತ್ತದೆ ಅಂತ ಕಿವಿಗೇ ಕೇಳುತ್ತದೆ. ಓಶನ್ ಡ್ರೈವ್‌ನಲ್ಲಿ ಇಳಿಯುವಾಗ ಕಾರಿನ ಬಾಗಿಲು ಎರಡೂ ಕೈಯಲ್ಲಿ ಹಿಡಿದು ತೆಗೆಯಿರಿ. ಬಾಡಿಗೆ ಕಾರಿನ ಬಾಗಿಲ ಕೀಲು ಗಾಳಿಗೆ ಹಾಳಾದದ್ದಕ್ಕೆ ನಾನು ಒಮ್ಮೆ ದಂಡ ಕಟ್ಟಿದ್ದೇನೆ.