ಅವರು ಮುರಿದರೆ ನಾವೂ ಮುರಿಯಬಹುದಾ?

ಒಂದು ದೇಶ ಅಂತಾರಾಷ್ಟ್ರೀಯ ಕಾನೂನು ಮುರಿದರೆ ಎದುರಿನ ದೇಶವೂ ಮುರಿಯಬಹುದಲ್ವಾ, ಮೊದಲು ತಪ್ಪು ಮಾಡಿದವರಿಗೆ ಕಾನೂನಿನ ಮಾತಾಡುವ ಹಕ್ಕೆಲ್ಲಿದೆ ಅಂತ ಕೇಳಿದ್ದೀರಿ. ಸ್ವಲ್ಪ ಮಟ್ಟಿಗೆ ಮುಯ್ಯಿ ತೀರಿಸಬಹುದು. ಆದರೆ ಎಲ್ಲದರಲ್ಲೂ ಅಲ್ಲ.

2013ರ ಡಿಸೆಂಬರ್ ನೆನಪಿರಬಹುದು. ನ್ಯೂಯಾರ್ಕಿನಲ್ಲಿ ನಮ್ಮ ಡೆಪ್ಯುಟಿ ಕಾನ್ಸುಲ್ ಜನರಲ್ ದೇವಯಾನಿ ಖೋಬ್ರಾಗಡೆ ಅವರನ್ನು ಬಂಧಿಸಿ, ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡಿದರು. ಮನೆಗೆಲಸದಾಕೆಯ ವೀಸಾ ಅರ್ಜಿಯಲ್ಲಿ ಸಂಬಳದ ಬಗ್ಗೆ ಸುಳ್ಳು ಹೇಳಿದ್ದಾರೆ ಅನ್ನೋದು ಆರೋಪ. ಕೆಲವೇ ದಿನಗಳಲ್ಲಿ ದೆಹಲಿಯ ಅಮೆರಿಕ ರಾಯಭಾರ ಕಚೇರಿ ಸುತ್ತಲಿನ ರಸ್ತೆಯ ಕಾಂಕ್ರೀಟ್ ಬ್ಯಾರಿಕೇಡ್‌ಗಳನ್ನು ಯಂತ್ರ ತರಿಸಿ ಎತ್ತಿಸಲಾಯಿತು. ವಿಮಾನ ನಿಲ್ದಾಣದ ಪಾಸ್‌ಗಳನ್ನೂ ವಾಪಸ್ ಕೇಳಿದರು. ಇವು ಸ್ನೇಹಕ್ಕೆ ಕೊಟ್ಟ ಅನುಕೂಲಗಳು, ಕಿತ್ತುಕೊಂಡರೆ ಕಾನೂನು ಮುರಿದಂತಲ್ಲ. ಆದರೆ ಕಚೇರಿಯನ್ನು ಕಾಯುವ ಹೊಣೆಯನ್ನು, ರಾಯಭಾರ ಸಂಬಂಧಗಳ ಬಗೆಗಿನ 1961ರ ವಿಯೆನ್ನಾ ಒಪ್ಪಂದದ 22ನೇ ವಿಧಿ ಆತಿಥೇಯ ದೇಶದ ಮೇಲೆ ಹೊರಿಸಿದೆ. ಎಷ್ಟೇ ಸಿಟ್ಟು ಬಂದರೂ ಅದನ್ನು ಬಿಡುವಂತಿಲ್ಲ.

ಇರಾನ್ ಆ ಗೆರೆಯನ್ನೇ ದಾಟಿತು. 1979ರ ನವೆಂಬರ್ 4ರಂದು ವಿದ್ಯಾರ್ಥಿಗಳು ಟೆಹ್ರಾನಿನ ಅಮೆರಿಕ ರಾಯಭಾರ ಕಚೇರಿಗೆ ನುಗ್ಗಿದರು, ಸರ್ಕಾರ ಅವರ ಬೆನ್ನಿಗೆ ನಿಂತಿತು, 52 ಜನ 444 ದಿನ ಒತ್ತೆಯಾಳುಗಳಾಗಿದ್ದರು. ಅಮೆರಿಕ ದಾವೆ ಹೂಡಿದಾಗ, ದೇಶಗಳ ನಡುವಿನ ವ್ಯಾಜ್ಯ ನೋಡುವ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಇರಾನ್ ಬರಲೇ ಇಲ್ಲ. ಪತ್ರ ಬರೆದು, 25 ವರ್ಷ ಅಮೆರಿಕ ನಮ್ಮ ದೇಶದೊಳಗೆ ಕೈ ಹಾಕಿದ್ದನ್ನು ಬಿಟ್ಟು ಇದೊಂದನ್ನೇ ವಿಚಾರಿಸಬೇಡಿ ಅಂತ ಹೇಳಿತು. ಆ ಅಳಲು ಸುಳ್ಳಲ್ಲ. 1953ರಲ್ಲಿ ಇರಾನಿನ ಪ್ರಧಾನಿ ಮೊಸಾದೆಕ್ ಅವರ ಸರ್ಕಾರವನ್ನು ಉರುಳಿಸುವುದರಲ್ಲಿ ಅಮೆರಿಕದ ಕೈಯಿತ್ತು. ಆದರೂ 1980ರ ಮೇ 24ರ ತೀರ್ಪು ಇರಾನಿಗೆ ವಿರುದ್ಧವಾಯಿತು. ರಾಯಭಾರಿಗಳ ಮೇಲೆ ಅನುಮಾನ ಇದ್ದರೆ ಅವರನ್ನು ವಾಪಸ್ ಕಳಿಸಿ, ಸಂಬಂಧವನ್ನೇ ಕಡಿದುಕೊಳ್ಳಿ, ಮದ್ದು ಆ ಕಾನೂನಿನೊಳಗೇ ಇದೆ ಅಂದಿತು ನ್ಯಾಯಾಲಯ. ನನಗೆ ಇದು ಸರಿ ಅನ್ನಿಸುತ್ತದೆ, ಯಾಕೆಂದರೆ ಹಳೇ ಲೆಕ್ಕ ಇಲ್ಲದ ದೇಶವೇ ಇಲ್ಲ, ಅದನ್ನು ನೆಪ ಅಂತ ಒಪ್ಪಿದರೆ ಯಾವ ಊರಿನಲ್ಲೂ ಯಾವ ರಾಯಭಾರ ಕಚೇರಿಯೂ ಸುರಕ್ಷಿತ ಅಲ್ಲ.

ಇನ್ನು ಹಕ್ಕಿನ ಪ್ರಶ್ನೆ. ಇಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಇರಾನಿನ ಮೇಲೆ ಇದೇ ನ್ಯಾಯಾಲಯದಲ್ಲಿ ಗೆದ್ದ ಅಮೆರಿಕ, ನಾಲ್ಕು ವರ್ಷಕ್ಕೆ ಮಧ್ಯ ಅಮೆರಿಕದ ಪುಟ್ಟ ದೇಶ ನಿಕರಾಗುವಾ, ನಮ್ಮ ಸರ್ಕಾರದ ವಿರುದ್ಧ ಹೋರಾಡುವ ಬಂಡುಕೋರರಿಗೆ ನೆರವು ಕೊಡುತ್ತಿದೆ ಅಂತ ತನ್ನ ಮೇಲೆ ದಾವೆ ಹೂಡಿದಾಗ ಬೇರೆಯೇ ರಾಗ ಎಳೆಯಿತು. ನ್ಯಾಯಾಲಯದ ಅಧಿಕಾರ ಒಪ್ಪಿದ ತನ್ನ ಘೋಷಣೆಯನ್ನು ಕೈಬಿಡಲು 6 ತಿಂಗಳ ನೋಟಿಸ್ ಕೊಡುತ್ತೇನೆ ಅಂತ ಅಮೆರಿಕವೇ ಬರೆದುಕೊಟ್ಟಿತ್ತು. ದಾವೆಗೆ ಮೂರು ದಿನ ಮೊದಲು, ಈ ಕ್ಷಣದಿಂದಲೇ ಬದಲಾವಣೆ ಅಂತ ಪತ್ರ ಕಳಿಸಿತು. ನಿಕರಾಗುವಾದ ಘೋಷಣೆಯಲ್ಲಿ ನೋಟಿಸಿನ ಷರತ್ತಿಲ್ಲ, ಹಾಗಾಗಿ ನನಗೂ ಅದೇ ಸಲೀಸು ಬೇಕು ಅನ್ನೋದು ಅಮೆರಿಕದ ವಾದ. ನ್ಯಾಯಾಲಯ ಒಪ್ಪಲಿಲ್ಲ. ಪರಸ್ಪರತೆಯ ನೆಪದಲ್ಲಿ ನೀವೇ ಹಾಕಿಕೊಂಡ ಷರತ್ತಿನಿಂದ ಜಾರಿಕೊಳ್ಳುವಂತಿಲ್ಲ ಅಂದಿತು. ಅಮೆರಿಕ ವಿಚಾರಣೆಯಿಂದ ಎದ್ದು ಹೋಯಿತು. 1986ರ ಜೂನ್ 27ರಂದು ಸೋತಿತು. ತೀರ್ಪು ಪಾಲಿಸಿ ಅನ್ನುವ ನಿರ್ಣಯ ಭದ್ರತಾ ಮಂಡಳಿಗೆ ಬಂದಾಗ ವೀಟೋ ಹಾಕಿತು.

ಇದರಿಂದ ಇರಾನ್ ಮಾಡಿದ್ದು ಸರಿಯಾಗಿಬಿಡುವುದಿಲ್ಲ. ಆದರೆ ಅಮೆರಿಕ ಆಮೇಲೆ ಯಾರಿಗೆ ಕಾನೂನು ಹೇಳಲು ಹೋದರೂ ಎದುರಿನವರು ನಿಕರಾಗುವಾ ಹೆಸರು ತೆಗೆದರೆ, ಅದಕ್ಕೆ ಕೊಡಲು ಒಳ್ಳೆಯ ಉತ್ತರ ಅದರ ಹತ್ತಿರ ಇಲ್ಲ.