ರೋಗಾಣು ಬದಲಾಗಿದೆ, ಹಾಗಾದರೆ ನಾಯಿಕೆಮ್ಮಿನ ಇಂಜೆಕ್ಷನ್ ಯಾಕೆ?

ಓದುಗರ ಪತ್ರ: ಮಗಳು ಸಿಡ್ನಿಯಲ್ಲಿದ್ದಾಳೆ, ಈಗ ಆರು ತಿಂಗಳು. ಬಾಣಂತನಕ್ಕೆ ನಾವಿಬ್ಬರೂ ಹೊರಟಿದ್ದೇವೆ. ಬರುವ ಮೊದಲು ಇಬ್ಬರೂ ನಾಯಿಕೆಮ್ಮಿನ ಇಂಜೆಕ್ಷನ್ ಹಾಕಿಸಿಕೊಂಡು ಬನ್ನಿ ಅಂತಾಳೆ. ಬಸುರಿಯಾದ ಅವಳೂ ಹಾಕಿಸಿಕೊಳ್ಳಬೇಕಂತೆ. ಲಸಿಕೆಯಿಂದಲೇ ಈ ರೋಗಾಣು ಬದಲಾಗಿದೆ, ಈಗ ಲಸಿಕೆ ಹಾಕಿಸಿ ಉಪಯೋಗವಿಲ್ಲ ಎಂದು ನಮ್ಮ ಯಜಮಾನರು ಎಲ್ಲೋ ಓದಿದ್ದಾರೆ. ಹೌದಾ? ಹೌದಾದರೆ ಸುಮ್ನೆ ಯಾಕೆ ಚುಚ್ಚಿಸಿಕೊಳ್ಳಬೇಕು?
– ಓದುಗರೊಬ್ಬರು, ಧಾರವಾಡ

ಸಂಪಾದಕರ ಉತ್ತರ:

ನಮಸ್ಕಾರ. ಅಜ್ಜಿಯಾಗುತ್ತಿದ್ದೀರಿ, ಅಭಿನಂದನೆ. ನಿಮ್ಮ ಯಜಮಾನರು ಓದಿದ್ದರಲ್ಲಿ ಮೊದಲರ್ಧ ನಿಜ. ರೋಗಾಣು ಬದಲಾಗಿದೆ. ಅದರಲ್ಲಿ ಲಸಿಕೆಯ ಪಾತ್ರವೂ ಇದೆ. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಉಪಯೋಗವಿಲ್ಲ ಅನ್ನುವ ಎರಡನೇ ಅರ್ಧ ತಪ್ಪು. ಅದನ್ನು ನಂಬಿದರೆ ತೊಂದರೆ ಅನುಭವಿಸುವುದು ಹುಟ್ಟಲಿರುವ ಕೂಸು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಾಯಿಕೆಮ್ಮಿನ ಹಳೆಯ ಲಸಿಕೆಯಲ್ಲಿ ಇಡೀ ರೋಗಾಣುವನ್ನೇ ಕೊಂದು ಹಾಕಿರುತ್ತಾರೆ. ಚುಚ್ಚಿದ ರಾತ್ರಿ ಮಗುವಿಗೆ ಜ್ವರ, ತೊಡೆ ಊತ, ಅಳು. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಇವತ್ತಿಗೂ ಕೊಡುವುದು ಇದನ್ನೇ. ಆಸ್ಟ್ರೇಲಿಯಾ 1999ರ ಹೊತ್ತಿಗೆ ಇದನ್ನು ಬಿಟ್ಟು ಹೊಸ ಲಸಿಕೆಗೆ ಹೋಯಿತು. ನಮ್ಮಲ್ಲಿ ಪ್ರೈವೇಟ್ ಡಾಕ್ಟರುಗಳು 'ಪೇನ್‌ಲೆಸ್' ಎಂದು ಕೊಡುತ್ತಾರಲ್ಲ, ಅದೇ ಜಾತಿಯದು. ಇದರಲ್ಲಿ ಇಡೀ ರೋಗಾಣು ಇರುವುದಿಲ್ಲ. ಅದರಿಂದ ಬೇರ್ಪಡಿಸಿದ ಕೆಲವೇ ಪ್ರೋಟೀನ್‌ಗಳಿರುತ್ತವೆ. ಅವುಗಳಲ್ಲಿ ಒಂದರ ಹೆಸರು ಪರ್ಟ್ಯಾಕ್ಟಿನ್. ರೋಗಾಣು ಶ್ವಾಸನಾಳಕ್ಕೆ ಅಂಟಿಕೊಳ್ಳಲು ನೆರವಾಗುವ ಪ್ರೋಟೀನ್ ಅದು.

ಈಗ ರೋಗಾಣುವಿನ ಒಳಗೆ ನೋಡೋಣ. ಅದರ ಡಿಎನ್‌ಎಯಲ್ಲಿ ಐಎಸ್481 ಎಂಬ ಒಂದು ಸಣ್ಣ ತುಣುಕಿದೆ. ಒಂದಲ್ಲ, ಇನ್ನೂರಕ್ಕೂ ಹೆಚ್ಚು ಪ್ರತಿಗಳು. ಈ ತುಣುಕು ಆಗಾಗ ಇನ್ನೊಂದು ಕಡೆ ಹೋಗಿ ಸೇರಿಕೊಳ್ಳುತ್ತದೆ. ಪರ್ಟ್ಯಾಕ್ಟಿನ್ ಜೀನ್‌ನ ನಡುವೆ ಬಂದು ಕೂತರೆ ಆ ಜೀನ್ ಕೆಡುತ್ತದೆ, ಆ ರೋಗಾಣು ಪರ್ಟ್ಯಾಕ್ಟಿನ್ ಮಾಡುವುದೇ ಇಲ್ಲ. ಇದರಲ್ಲಿ ಯಾವ ಜಾಣತನವೂ ಇಲ್ಲ, ಬರೀ ಆಕಸ್ಮಿಕ. ಲಸಿಕೆ ಬರುವ ಮೊದಲು ಇಂಥ ರೋಗಾಣುವಿಗೆ ಇದು ನಷ್ಟವೇ ಆಗುತ್ತಿತ್ತು. ಆದರೆ ಊರಿನ ಮಕ್ಕಳೆಲ್ಲರ ರಕ್ತದಲ್ಲೂ ಪರ್ಟ್ಯಾಕ್ಟಿನ್ ಗುರುತಿಸುವ ಪ್ರತಿಕಾಯಗಳು (ಆಂಟಿಬಾಡಿ) ಇರುವಾಗ ಲೆಕ್ಕ ತಿರುಗುತ್ತದೆ. ಪರ್ಟ್ಯಾಕ್ಟಿನ್ ಇರುವುದು ಸಿಕ್ಕಿಬೀಳುತ್ತದೆ, ಇಲ್ಲದ್ದು ಉಳಿಯುತ್ತದೆ.

ಆಸ್ಟ್ರೇಲಿಯಾದಲ್ಲಿ ಆದದ್ದು ಇದೇ. 2008ರಲ್ಲಿ ರೋಗಿಗಳಿಂದ ತೆಗೆದು ಪರೀಕ್ಷಿಸಿದ ರೋಗಾಣುಗಳಲ್ಲಿ ಪರ್ಟ್ಯಾಕ್ಟಿನ್ ಇಲ್ಲದವು ಸುಮಾರು ಶೇ 5. 2012ಕ್ಕೆ ಶೇ 78! ಅವೆಲ್ಲ ಒಂದೇ ತಾಯಿಯ ಸಂತಾನವೂ ಅಲ್ಲ. ಜೀನ್ ಕೆಟ್ಟ ಜಾಗ, ಕೆಟ್ಟ ರೀತಿ ಬೇರೆ ಬೇರೆ. ಅಂದರೆ ಇದು ಮತ್ತೆ ಮತ್ತೆ, ಪ್ರತ್ಯೇಕವಾಗಿ ಆಗಿದೆ. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದವರು ಎರಡೂ ಬಗೆಯ ರೋಗಾಣುಗಳನ್ನು ಬೆರೆಸಿ ಇಲಿಗಳಿಗೆ ಕೊಟ್ಟು ನೋಡಿದರು. ಲಸಿಕೆ ಹಾಕಿದ ಇಲಿಗಳಲ್ಲಿ ಪರ್ಟ್ಯಾಕ್ಟಿನ್ ಇಲ್ಲದ್ದು ಗೆದ್ದಿತು. ಹಾಕದ ಇಲಿಗಳಲ್ಲಿ ಸೋತಿತು. ಡೆನ್ಮಾರ್ಕಿನ ಲಸಿಕೆಯಲ್ಲಿ ಪರ್ಟ್ಯಾಕ್ಟಿನ್ ಇರಲೇ ಇಲ್ಲ. ಅಲ್ಲಿ ಇಂಥ ರೋಗಾಣು ಬಹುಕಾಲ ಅಪರೂಪವಾಗಿತ್ತು. ಇದಕ್ಕಿಂತ ಸಾಕ್ಷಿ ಬೇಕೇ?

ಇಲ್ಲಿಗೆ ನಿಲ್ಲಿಸಿದರೆ ಯಜಮಾನರ ಮಾತೇ ಸರಿ ಅನ್ನಿಸಬಹುದು. ಆದರೆ ಆ ಲಸಿಕೆಯಲ್ಲಿ ಇನ್ನೊಂದು ಮುಖ್ಯ ಅಂಶವಿದೆ: ನಾಯಿಕೆಮ್ಮಿನ ವಿಷವನ್ನು ನಿಸ್ತೇಜಗೊಳಿಸಿದ ರೂಪ. ಎಳೆಗೂಸಿನ ರಕ್ತದಲ್ಲಿ ಬಿಳಿಕಣಗಳನ್ನು ವಿಪರೀತ ಏರಿಸಿ ಪ್ರಾಣಕ್ಕೆ ಕುತ್ತು ತರುವುದು ಈ ವಿಷವೇ. ಪರ್ಟ್ಯಾಕ್ಟಿನ್ ಬಿಟ್ಟಷ್ಟು ಸುಲಭವಾಗಿ ರೋಗಾಣು ಇದನ್ನು ಬಿಟ್ಟಿಲ್ಲ. ವಿಷ ಮಾಡದ ರೋಗಾಣು ಸಿಕ್ಕಿರುವುದು ತೀರಾ ಅಪರೂಪ. ಈಗ ಲೋಕದ ಹೆಚ್ಚು ಕಡೆ ಹರಡಿರುವ ತಳಿಯಂತೂ ಹಳೆಯದಕ್ಕಿಂತ ಜಾಸ್ತಿ ವಿಷ ಮಾಡುತ್ತದೆ ಎಂದು 2009ರಲ್ಲಿ ನೆದರ್ಲೆಂಡ್ಸಿನ ಫ್ರಿಟ್ಸ್ ಮೋಯಿ ಮತ್ತು ಅವರ ಜೊತೆಗಾರರು ತೋರಿಸಿದ್ದಾರೆ. ಹಾಗಿರುವಾಗ ವಿಷದ ವಿರುದ್ಧ ಇರುವ ಕಾವಲನ್ನೇ ಬೇಡ ಎನ್ನುವುದು ಸರಿಯಾ? ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ, ಪರ್ಟ್ಯಾಕ್ಟಿನ್ ಇಲ್ಲದ ರೋಗಾಣುವೇ ತುಂಬಿದ್ದ ಕಾಲದಲ್ಲಿ ಲೆಕ್ಕ ಹಾಕಿದರು. ನಾಲ್ಕರಿಂದ ಹತ್ತು ವರ್ಷದ ಮಕ್ಕಳಲ್ಲಿ ಲಸಿಕೆಯ ಪರಿಣಾಮ ಶೇ 84ರಷ್ಟಿತ್ತು.

ನನ್ನನ್ನು ಕೇಳಿದರೆ, ರೋಗಾಣು ಬದಲಾಗಿದ್ದಕ್ಕಿಂತ ದೊಡ್ಡ ಸಮಸ್ಯೆ ಹೊಸ ಲಸಿಕೆಯ ಶಕ್ತಿ ಬೇಗ ಇಳಿಯುವುದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ 1998ರಲ್ಲಿ ಹುಟ್ಟಿದ ಮಕ್ಕಳನ್ನೇ ನೋಡಿ. ಲಸಿಕೆ ಬದಲಾಗುವ ಸಂಧಿಕಾಲ ಅದು. ಕೆಲವರಿಗೆ ಮೊದಲ ಮೂರೂ ಡೋಸ್ ಹಳೆಯದು ಸಿಕ್ಕಿತು, ಕೆಲವರಿಗೆ ಮೂರೂ ಹೊಸದು. ಹತ್ತು ವರ್ಷ ದಾಟಿದ ಮೇಲೆ, 2009ರಿಂದ 2011ರ ಪಿಡುಗಿನಲ್ಲಿ ಹೊಸದು ಹಾಕಿಸಿಕೊಂಡವರಿಗೆ ನಾಯಿಕೆಮ್ಮು ಬಂದದ್ದು ಮೂರು ಪಟ್ಟಿಗೂ ಹೆಚ್ಚು. ಹಾಗಾಗಿ ಜ್ವರ ಬರುತ್ತೆ ಅಂತ ನಮ್ಮ ಸರ್ಕಾರಿ ಡಿಪಿಟಿಯನ್ನು ಯಾರೂ ಕೀಳಾಗಿ ನೋಡಬೇಡಿ.

ಇನ್ನು ಕೂಸಿನ ವಿಷಯ. ತೀರಾ ಎಳೆಯ ಮಕ್ಕಳಿಗೆ, ಕೆಮ್ಮಿದ ಮೇಲೆ ಉಸಿರೆಳೆಯುವಾಗ ಬರುವ ಆ 'ಹೂಪ್' ಸದ್ದೇ ಇರದೆ ಹೋಗಬಹುದು. ಕೆಮ್ಮೂ ಜೋರಾಗಿರುವುದಿಲ್ಲ. ಸುಮ್ಮನೆ ಉಸಿರು ನಿಂತು, ತುಟಿ ನೀಲಿಯಾಗುತ್ತದೆ. ಕೂಸಿಗೆ ಮೊದಲ ಲಸಿಕೆ ಬೀಳುವುದೇ ಆರು ವಾರಕ್ಕೆ. ಅಲ್ಲಿಯವರೆಗೆ ಕಾಯುವುದು ತಾಯಿಯಿಂದ ಹೊಟ್ಟೆಯಲ್ಲೇ ದಾಟಿ ಬಂದ ಪ್ರತಿಕಾಯಗಳು. ಬ್ರಿಟನ್ನಿನಲ್ಲಿ 2012ರಲ್ಲಿ ಬಸುರಿಯರಿಗೆ ಲಸಿಕೆ ಶುರು ಮಾಡಿದರು. ಮೂರು ತಿಂಗಳೊಳಗಿನ ಮಕ್ಕಳಲ್ಲಿ ಅದರ ಪರಿಣಾಮ ಶೇ 91 ಎಂದು ಕಂಡುಬಂತು. ಆಸ್ಟ್ರೇಲಿಯಾದಲ್ಲಿ ಇದಕ್ಕೆ ಹೇಳುವ ಸಮಯ 20ರಿಂದ 32ನೇ ವಾರ. ನಿಮ್ಮ ಮಗಳಿಗೆ ಈಗ ಸರಿಯಾದ ಹೊತ್ತು. ತಡಮಾಡುವುದು ಬೇಡ ಎಂದು ಇವತ್ತೇ ಫೋನ್ ಮಾಡಿ.

ನಿಮ್ಮಿಬ್ಬರ ಇಂಜೆಕ್ಷನ್ ಬಗ್ಗೆ ಉಬ್ಬಿಸಿ ಹೇಳುವುದಿಲ್ಲ. 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ವಿಜ್ಞಾನಿಗಳು ಬಬೂನ್ ಎಂಬ ಕೋತಿಗಳ ಮೇಲೆ ಪ್ರಯೋಗ ಮಾಡಿದರು. ಹೊಸ ಬಗೆಯ ಲಸಿಕೆ ಪಡೆದವು ಕಾಯಿಲೆ ಬೀಳಲಿಲ್ಲ, ಆದರೆ ಗಂಟಲಲ್ಲಿ ರೋಗಾಣು ಹೊತ್ತು ಬೇರೆಯವಕ್ಕೆ ದಾಟಿಸಿದವು. ಹಾಗಾಗಿ ಮಗಳ ಡೋಸಿಗೆ ನಿಮ್ಮದು ಬದಲಿಯಲ್ಲ. ಆದರೂ ಹಾಕಿಸಿಕೊಳ್ಳಿ. ದೊಡ್ಡವರಿಗೆ ಇದು ವಾರಗಟ್ಟಲೆ ಬಿಡದ ಕೆಮ್ಮಾಗಿ ಕಾಡುತ್ತದೆ, ಕೂಸನ್ನು ಎತ್ತಿಕೊಂಡೇ ಇರುವವರು ನೀವು.

ಒಂದು ಎಚ್ಚರ. ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಬಸುರಿಯರಿಗೆ ಕೊಡುವುದು ಟಿಡಿ. ಅದರಲ್ಲಿ ಧನುರ್ವಾಯು, ಗಂಟಲಮಾರಿ ಎರಡಕ್ಕೆ ಮಾತ್ರ ರಕ್ಷಣೆ. ನಿಮಗೆ ಬೇಕಾದದ್ದು ನಾಯಿಕೆಮ್ಮಿಗೂ ರಕ್ಷಣೆ ಕೊಡುವ ಟಿಡ್ಯಾಪ್, ಇದು ಪ್ರೈವೇಟ್ ಕ್ಲಿನಿಕ್‌ಗಳಲ್ಲಿ ಸಿಗುತ್ತದೆ. ಚುಚ್ಚುವ ಮೊದಲು ಡಬ್ಬಿಯ ಮೇಲಿನ ಹೆಸರು ಓದಿಕೊಳ್ಳಿ. ನೀವು ತೆಗೆದುಕೊಳ್ಳುವ ಮಾತ್ರೆಗಳ ವಿಷಯ ಡಾಕ್ಟರಿಗೆ ಹೇಳಿ. ಮಗುವನ್ನು ಮುಟ್ಟುವುದಕ್ಕೆ ಕನಿಷ್ಠ ಎರಡು ವಾರ ಮೊದಲೇ ಹಾಕಿಸಿಕೊಳ್ಳಿ. ತಾರೀಖು ಬರೆಸಿದ ಚೀಟಿ ಪಾಸ್‌ಪೋರ್ಟಿನ ಜೊತೆಗಿರಲಿ, ಅಲ್ಲಿ ಕೇಳಿದರೆ ತೋರಿಸಬಹುದು.